ಕಾರಿನ ತಂಪಿನ ಪಂಖಕ್ಕೊಂದು ಕೈಸ್ವಿಚ್ಚು

ಅಥಣಿ, ಕಾಗವಾಡ, ಜತ್ತ ಮೊದಲಾದ ಕಡೆಗಳಿಂದ ರೋಗಿಗಳನ್ನು ಮಿರಜಿಗೆ ಕರೆತರುವ ವಾಡಿಕೆ ಇಂದು ನಿನ್ನೆಯದಲ್ಲ. 1894ರಲ್ಲಿ ಡಾಕ್ಟರ್ ವಿಲಿಯಂ ವಾನ್ಲೆಸ್ ಅವರು ಅಲ್ಲಿ ಆಸ್ಪತ್ರೆಯನ್ನು ತೆರೆದಂದಿನಿಂದ ನಡೆದುಬಂದುದು ಅದು. ಅಂದು ಚಕ್ಕಡಿಯಲ್ಲಿ ಬರುತ್ತಿದ್ದವರು ಇಂದು ಮನೆಯ ಕಾರಿನಲ್ಲಿ ಬರುತ್ತಾರೆ. ಎತ್ತು ದಣಿದರೆ ಕೊರಳು ಬಿಚ್ಚಿ, ನೆರಳಿಗೆ ಕಟ್ಟಿ, ನೀರು ಕುಡಿಸಿದರೆ ಸಾಕಾಗುತ್ತಿತ್ತು. ಕಾರಿನ ಎಂಜಿನ್ ಮಿತಿಮೀರಿ ಕಾದರೆ ಅಷ್ಟಕ್ಕೆ ಮುಗಿಯುವುದಿಲ್ಲ. ಅಲ್ಯುಮಿನಿಯಮ್ಮಿನ ಸಿಲಿಂಡರ್ ಹೆಡ್ಡು ಡೊಂಕಾಗಿ, ಗ್ಯಾಸ್ಕೆಟ್ಟು ಸುಟ್ಟು, ಗಾಡಿ ನಡುದಾರಿಯಲ್ಲಿ ನಿಲ್ಲುತ್ತದೆ. ಇಂಥ ಪ್ರಸಂಗಗಳಲ್ಲಿ ಅನೇಕ ವೇಳೆ ಮೊದಲು ಕೆಟ್ಟುದು ಎಂಜಿನ್ನಾಗಿರದೆ, ಅದರ ಮುಂದಿನ ಪಂಖವನ್ನು ನಡೆಯಿಸುವ ಚಿಕ್ಕದೊಂದು ಸ್ವಿಚ್ಚೋ ಫ್ಯೂಜೋ ಆಗಿರುತ್ತದೆ. ಆ ಪಂಖಕ್ಕೆ ಕೈಯಿಂದ ನಡೆಯುವ ಎರಡನೆಯ ದಾರಿಯೊಂದನ್ನು ಜೋಡಿಸಿಡುವುದು ಹೇಗೆಂಬುದನ್ನು ಇಲ್ಲಿ ವಿವರಿಸಲಾಗಿದೆ. ವಿಜ್ಞಾನದ ಪಾಠದಲ್ಲಿ ವಿದ್ಯುತ್ತನ್ನು ಓದಿದ ವಿದ್ಯಾರ್ಥಿಗಳಿಗೆ ಇದರಲ್ಲಿ ತಿಳಿಯದುದೇನೂ ಇಲ್ಲ.

ಪೆಟ್ರೋಲು ಉರಿದು ಹುಟ್ಟುವ ಉಷ್ಣದಲ್ಲಿ ಹೆಚ್ಚೆಂದರೆ ಮೂರರಲ್ಲೊಂದು ಪಾಲು ಗಾಲಿಗಳನ್ನು ತಿರುಗಿಸುವ ಕೆಲಸಕ್ಕೆ ಒದಗುತ್ತದೆ. ಒಂದು ದೊಡ್ಡ ಪಾಲು ಹೊಗೆಯೊಡನೆ ಹೊರಟುಹೋಗುತ್ತದೆ. ಉಳಿದುದನ್ನು ಎಂಜಿನ್ನಿನ ಸುತ್ತ ಹರಿಯುವ ನೀರು ಹೊತ್ತು ತಂದು ರೇಡಿಯೇಟರಿನ ತೆಳುವಾದ ಕೊಳವೆಗಳಲ್ಲಿ ಗಾಳಿಗೆ ಒಪ್ಪಿಸಬೇಕು. ಸಮುದ್ರಮಟ್ಟದಿಂದ ಐದಾರು ನೂರು ಮೀಟರು ಎತ್ತರದ ನಮ್ಮ ಸೀಮೆಯಲ್ಲಿ ತೆರೆದ ಪಾತ್ರೆಯ ನೀರು ಸುಮಾರು 98 ಡಿಗ್ರಿಗೆ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳವಾದರೋ ಅಡಿಗೆಮನೆಯ ಕುಕ್ಕರಿನ ಮುಚ್ಚಳದಂತೆ ಒತ್ತಡವನ್ನು ಹಿಡಿದಿಡುವುದರಿಂದ ಅದರೊಳಗಿನ ನೀರು 115 ಡಿಗ್ರಿಗೂ ಮೇಲೆ ಹೋದ ಹೊರತು ಕುದಿಯದು. ಕಾದ ಎಂಜಿನ್ನಿನ ಮುಚ್ಚಳವನ್ನು ತೆರೆದವರ ಮುಖ, ಕೈ ಸುಡುವುದು ಇದೇ ಕಾರಣದಿಂದ.

ಗಾಡಿಯು ಗಂಟೆಗೆ 60 ಕಿಲೋಮೀಟರು ವೇಗದಿಂದ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ, ಪಂಖದ ಹಂಗಿಲ್ಲ. ರೈಲು ಗೇಟಿನ ಮುಂದೆ ನಿಂತಾಗ, ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರು ಎಳೆಯುವ ಟ್ರ್ಯಾಕ್ಟರಿನ ಹಿಂದೆ ತೆವಳುವಾಗ, ನಿಪ್ಪಾಣಿಯ ಬಳಿಯ ಸ್ತವನಿಧಿ ಘಾಟವನ್ನು ತುಂಬಿದ ಗಾಡಿ ಏರುವಾಗ ಪಂಖವೇ ಗತಿ. ಹಳೆಯ ಅಂಬಾಸಿಡರ್ ಗಾಡಿಯಲ್ಲಿ ಈ ಪಂಖವನ್ನು ಎಂಜಿನ್ ತಾನೇ ಪಟ್ಟಿಯಿಂದ ತಿರುಗಿಸುತ್ತಿತ್ತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರಂಥ ಗಾಡಿಗಳಲ್ಲಿ ಎಂಜಿನ್ನನ್ನು ಅಡ್ಡಲಾಗಿ ಕೂಡಿಸಿದ್ದಾರೆ. ಅದರ ತಿರುಗುವ ಅಚ್ಚು ಪಕ್ಕಕ್ಕೆ ಮುಖಮಾಡಿದ್ದರೆ ರೇಡಿಯೇಟರು ಮುಂದಕ್ಕೆ ಮುಖಮಾಡಿರುತ್ತದೆ. ಆದುದರಿಂದ ಪಂಖಕ್ಕೆ ಬೇರೆಯ ವಿದ್ಯುತ್ ಮೋಟಾರು ಬೇಕಾಯಿತು. ನೀರು 90ರಿಂದ 95 ಡಿಗ್ರಿಯ ಆಸುಪಾಸಿಗೆ ಬಂದಾಗ ಉಷ್ಣದ ಸ್ವಿಚ್ಚೊಂದು ತಾನಾಗಿ ಕೂಡಿಕೊಂಡು ಪಂಖವನ್ನು ಹೊರಡಿಸುತ್ತದೆ, ಕೆಲವು ಡಿಗ್ರಿ ಇಳಿದೊಡನೆ ನಿಲ್ಲಿಸುತ್ತದೆ. ಏರ್ಪಾಡು ಜಾಣತನದ್ದೇ. ಆದರೆ ಆ ಸ್ವಿಚ್ಚು, ಅದರ ರಿಲೇ, ಫ್ಯೂಜು, ತಂತಿಯ ಕೂಡುಗಳು ಇವುಗಳಲ್ಲಿ ಯಾವುದೊಂದು ಕೈಕೊಟ್ಟರೂ ಪಂಖ ಸುಮ್ಮನಾಗುತ್ತದೆ. ಚಾಲಕನಿಗೆ ಮುಳ್ಳು ಕೆಂಪುಗೆರೆಗೆ ಏರಿದಾಗಲೇ ಅದರ ಸುದ್ದಿ ತಿಳಿಯುವುದು.

ಕೈಸ್ವಿಚ್ಚೆಂದೊಡನೆ ಬ್ಯಾಟರಿಯಿಂದ ಚಾಲಕನ ಮುಂದಿನ ಹಲಗೆಗೆ ಒಂದು ತಂತಿಯನ್ನೆಳೆದು, ಅಲ್ಲಿಂದ ಪಂಖಕ್ಕೆ ಇನ್ನೊಂದು ತಂತಿಯನ್ನೆಳೆದರೆ ಆಯಿತೆಂದು ತೋರಬಹುದು. ಲೆಕ್ಕ ಹಾಕಿ ನೋಡೋಣ. ಚಿಕ್ಕ ಕಾರಿನ ಪಂಖ ಸುಮಾರು 10 ಆಂಪಿಯರ್ ಪ್ರವಾಹವನ್ನು ಎಳೆಯುತ್ತದೆ. ಹೊರಡುವ ಕ್ಷಣದಲ್ಲಿ ಅದರ ಎರಡು ಮೂರು ಪಟ್ಟು. ಅರ್ಧ ಚದರ ಮಿಲಿಮೀಟರಿನ ತೆಳ್ಳನೆಯ ತಾಮ್ರದ ತಂತಿ ನಾಲ್ಕು ಮೀಟರು ಉದ್ದವಿದ್ದರೆ ಅದರ ರೋಧ 0.14 ಓಮಿನಷ್ಟು. ಓಮನ ನಿಯಮದಂತೆ 1.4 ವೋಲ್ಟು ತಂತಿಯಲ್ಲೇ ಕಳೆಯಿತು. 14 ವ್ಯಾಟು ಉಷ್ಣ ಅಲ್ಲೇ ಹುಟ್ಟಿತು. ಪಂಖ ಮಂದವಾಗುತ್ತದೆ, ಸ್ವಿಚ್ಚಿನ ನಾಲಗೆ ಕಾದು ಕರಗುತ್ತದೆ, ಫ್ಯೂಜಿಲ್ಲದ ಆ ತಂತಿ ಎಲ್ಲಿಯಾದರೂ ತಗಡಿಗೆ ಉಜ್ಜಿದರೆ ಗಾಡಿಗೆ ಬೆಂಕಿ ಬೀಳುತ್ತದೆ.

ಇದಕ್ಕೆ ಉಪಾಯವು ನಮ್ಮ ಹೊಲಗಳಲ್ಲೇ ಇದೆ. 1910ರಲ್ಲಿ ಲಕ್ಷ್ಮಣರಾವ ಕಿರ್ಲೋಸ್ಕರರು ಕುಂಡಲ ರೋಡ ಸ್ಟೇಶನ್ನಿನ ಬಳಿ ಕಾರಖಾನೆ ಹೂಡಿದ ಈ ಸೀಮೆಗೆ ಪಂಪು ಹೊಸತಲ್ಲ. ಬಾವಿಯ ದಂಡೆಯ ಸ್ಟಾರ್ಟರ್ ಡಬ್ಬಿಯ ಹಸಿರು ಗುಂಡಿಯನ್ನು ಒತ್ತುವ ರೈತನ ಬೆರಳಿನಡಿಯಲ್ಲಿ ಮೋಟಾರಿನ ಭಾರೀ ಪ್ರವಾಹ ಹರಿಯುವುದಿಲ್ಲ. ಸುರುಳಿಯೊಂದರಲ್ಲಿ ಹರಿವ ಅಲ್ಪ ಪ್ರವಾಹವು ಕಬ್ಬಿಣವನ್ನು ಅಯಸ್ಕಾಂತವನ್ನಾಗಿ ಮಾಡಿ, ಆ ಅಯಸ್ಕಾಂತವು ದೊಡ್ಡ ನಾಲಗೆಗಳನ್ನು ಎಳೆದು ಕೂಡಿಸುತ್ತದೆ. ಅದೇ ಡಬ್ಬಿಗೆ ಕರೆಂಟು ಬಂದೊಡನೆ ತಾನಾಗಿ ಪಂಪು ಹೊರಡಿಸುವ ‘ಆಟೋ’ ಜೋಡಿಸಿದವರೂ ಹಸಿರು ಗುಂಡಿಯನ್ನು ಕಿತ್ತು ಹಾಕುವುದಿಲ್ಲ. ಕಾರಿನ ರಿಲೇ ಈ ಸ್ಟಾರ್ಟರಿನ ಮರಿ. ಅದರ ಸುರುಳಿಯ ರೋಧ 80 ಓಮಿನಷ್ಟಿದ್ದರೆ 12 ವೋಲ್ಟಿಗೆ ಅದು ಎಳೆಯುವುದು 0.15 ಆಂಪಿಯರ್ ಮಾತ್ರ. ಚಿಕ್ಕ ಸ್ವಿಚ್ಚೂ ತೆಳ್ಳನೆಯ ತಂತಿಯೂ ಅದಕ್ಕೆ ಧಾರಾಳವಾಯಿತು.

ಇನ್ನು ಜೋಡಣೆ. ಬ್ಯಾಟರಿಯ ಧನಾಗ್ರದಿಂದ ಒಂದು ಗೇಣಿನೊಳಗೆ 20 ಆಂಪಿಯರಿನ ಫ್ಯೂಜನ್ನು ಕೂಡಿಸಿ, ಎರಡೂವರೆ ಚದರ ಮಿಲಿಮೀಟರಿನ ತಂತಿಯನ್ನು ಹೊಸ ರಿಲೇಯ 30ನೆಯ ಕಾಲಿಗೆ ತರಬೇಕು. 87ನೆಯ ಕಾಲಿನಿಂದ ಅಂಥದೇ ತಂತಿ ಪಂಖದ ಧನ ತಂತಿಗೆ ಸೇರತಕ್ಕದ್ದು. ಚಾವಿ ತಿರುಗಿಸಿದಾಗ ಮಾತ್ರ ಜೀವಬರುವ ತಂತಿಯೊಂದರಿಂದ, 3 ಆಂಪಿಯರಿನ ಫ್ಯೂಜಿನ ಮೂಲಕ, ಕೈಸ್ವಿಚ್ಚನ್ನು ಹಾಯ್ದು 86ನೆಯ ಕಾಲಿಗೆ ಒಂದು ಸಪೂರ ತಂತಿ. 85ರಿಂದ ಗಾಡಿಯ ಮೈಗೆ ಇನ್ನೊಂದು. ಚಾವಿಗೆ ಕಟ್ಟುಹಾಕಿದ ಕಾರಣ ಸ್ಪಷ್ಟವಿದೆ: 35 ಆಂಪಿಯರ್-ಗಂಟೆಯ ಬ್ಯಾಟರಿಯನ್ನು ಮರೆತ ಪಂಖವೊಂದು ಮೂರೂವರೆ ಗಂಟೆಯಲ್ಲಿ ಬರಿದುಮಾಡಬಲ್ಲುದು. 87ನೆಯ ಕಾಲಿನಿಂದ ಇನ್ನೊಂದು ಚಿಕ್ಕ ಫ್ಯೂಜಿನೊಡನೆ ತೆಳ್ಳನೆಯ ತಂತಿಯನ್ನು ಚಾಲಕನ ಮುಂದಿನ ಒಂದು ದೀಪಕ್ಕೆ ಕೊಟ್ಟರೆ ಪಂಖಕ್ಕೆ ವಿದ್ಯುತ್ತು ಯಾವ ದಾರಿಯಿಂದ ಬಂದರೂ ಅದು ಹೊತ್ತಿಕೊಳ್ಳುತ್ತದೆ. ತಾನಾಗಿ ನಡೆಯುವ ಮೊದಲಿನ ಏರ್ಪಾಡು ಇನ್ನೂ ಬದುಕಿದೆಯೋ ಇಲ್ಲವೋ ಎಂಬುದನ್ನು ಆ ದೀಪವೇ ಹೇಳುತ್ತದೆ.

ಈ ಜೋಡಣೆಯಲ್ಲಿ ಹಳೆಯ ಏರ್ಪಾಡಿನ ಒಂದು ತಂತಿಯನ್ನೂ ಕತ್ತರಿಸಿಲ್ಲವೆಂಬುದನ್ನು ಗಮನಿಸಬೇಕು. ಎರಡು ದಾರಿಗಳೂ ಸಮಾಂತರವಾಗಿ ಪಂಖವನ್ನು ಮುಟ್ಟುತ್ತವೆ. ಹಳೆಯ ರಿಲೇಯ ಸುರುಳಿಗೇ ಕೈಸ್ವಿಚ್ಚನ್ನು ಜೋಡಿಸಿ ತೃಪ್ತರಾಗುವವರುಂಟು. ಖರ್ಚು ಕಡಿಮೆ, ಒಪ್ಪತಕ್ಕ ಮಾತು. ಆದರೆ ಆಗ ಉಷ್ಣದ ಸ್ವಿಚ್ಚೊಂದು ಕೆಟ್ಟರೆ ಮಾತ್ರ ಉಪಯೋಗ. ಅದೇ ಫ್ಯೂಜು ಹಾರಿದರೆ, ಅದೇ ರಿಲೇ ಸುಟ್ಟರೆ ಎರಡು ದಾರಿಗಳೂ ಒಟ್ಟಿಗೇ ಮುಚ್ಚುತ್ತವೆ. ಎರಡನೆಯದಕ್ಕೆ ತನ್ನದೇ ಫ್ಯೂಜು, ತನ್ನದೇ ರಿಲೇ ಇರಬೇಕೆಂಬುದೇ ಈ ಲೇಖನದ ಮುಖ್ಯ ಮಾತು. ಪಂಖದ ಮೋಟಾರೇ ಸುಟ್ಟರೆ ಎರಡನೆಯ ದಾರಿಯೂ ನಿರುಪಯೋಗಿ.

ಮೇಲಿನದು ಪಂಖದ ಋಣ ತಂತಿ ಸದಾ ಮೈಗೆ ಕೂಡಿರುವ ಗಾಡಿಗಳಿಗೆ ಸಲ್ಲುತ್ತದೆ. ಕೆಲವು ಗಾಡಿಗಳಲ್ಲಿ ಉಷ್ಣದ ಸ್ವಿಚ್ಚು ಪಂಖಕ್ಕೂ ಮೈಗೂ ನಡುವೆ ಇರುತ್ತದೆ. ಅಲ್ಲಿ ಧನದ ಕಡೆ ಏನನ್ನು ಸೇರಿಸಿಯೂ ಫಲವಿಲ್ಲ. ಹೊಸ ರಿಲೇ ಪಂಖದ ಋಣ ತಂತಿಯನ್ನು ಮೈಗೆ ಕೂಡಿಸಬೇಕಾಗುತ್ತದೆ. ಎರಡು ತಂತಿ ಹಚ್ಚಿದ 12 ವೋಲ್ಟಿನ ಬಲ್ಬೊಂದರಿಂದ ಇದನ್ನು ಮೊದಲು ಪರೀಕ್ಷಿಸಿಕೊಳ್ಳತಕ್ಕದ್ದು. ಪಂಖವನ್ನು ಗಣಕವೇ ಆಳುವ ಈಚಿನ ಗಾಡಿಗಳಿಗಂತೂ ಕೈಹಾಕಬಾರದು. ಅಂಥ ಗಾಡಿಯ ಮುಳ್ಳು ಏರತೊಡಗಿದರೆ ಒಮ್ಮೆ ಏಸಿಯನ್ನು ಹಚ್ಚಿ ನೋಡಬಹುದು. ಬಹುತೇಕ ಗಾಡಿಗಳಲ್ಲಿ ಅದರೊಡನೆ ಪಂಖವೂ ಹೊರಡುತ್ತದೆ. ಪಂಖ ಹೊರಡದಿದ್ದರೆ ಏಸಿಯನ್ನು ಆರಿಸಿ, ಹೀಟರನ್ನು ಪೂರ್ಣವಾಗಿ ತೆರೆಯಬೇಕು. ಅದೂ ಒಂದು ಪುಟ್ಟ ರೇಡಿಯೇಟರೇ. ಬೇಸಿಗೆಯಲ್ಲಿ ಒಳಗಿದ್ದವರು ಬೆವತರೂ ಎಂಜಿನ್ ಉಳಿದೀತು. ಮುಳ್ಳು ಇಳಿಯದಿದ್ದರೆ, ಅಥವಾ ನೀರು ಸೋರಿಹೋಗಿದ್ದರೆ, ಯಾವ ಸ್ವಿಚ್ಚೂ ಕೆಲಸಕ್ಕೆ ಬಾರದು. ಗಾಡಿಯನ್ನು ನಿಲ್ಲಿಸಿ, ಅದು ಕೈಮುಟ್ಟುವಷ್ಟು ಆರುವ ತನಕ ಮುಚ್ಚಳವನ್ನು ಮುಟ್ಟದೆ ಕಾಯಬೇಕು.

ಕೆಲಸಕ್ಕೆ ತೊಡಗುವ ಮುನ್ನ ಬ್ಯಾಟರಿಯ ಋಣಾಗ್ರವನ್ನು ಬಿಚ್ಚಿಡಬೇಕು. ಎಂಜಿನ್ ನಿಂತ ಮೇಲೂ ಪಂಖ ಹಠಾತ್ತನೆ ತಿರುಗಬಹುದಾದುದರಿಂದ ಮಕ್ಕಳ ಬೆರಳು, ಸೆರಗು, ಧೋತರದ ಚುಂಗು ಅದರ ಬಳಿ ಸುಳಿಯಬಾರದು. ಜೋಡಣೆ ಮುಗಿದ ಬಳಿಕ ಋಣಾಗ್ರವನ್ನು ಮರಳಿ ಕೂಡಿಸಿ, ಹಳೆಯ ಏರ್ಪಾಡಿನ ಫ್ಯೂಜನ್ನು ತೆಗೆದಿಟ್ಟು, ಗಾಡಿಯನ್ನು ಅಂಗಳದಲ್ಲೇ ನಿಲ್ಲಿಸಿ ಎಂಜಿನ್ನನ್ನು ನಡೆಯಿಸಬೇಕು. ಮುಳ್ಳು ನಡುಗೆರೆಯನ್ನು ದಾಟಿ ಏರತೊಡಗಿದಾಗ ಕೈಸ್ವಿಚ್ಚನ್ನು ಒತ್ತಿದರೆ ಪಂಖದ ಸದ್ದು ಕೇಳಬೇಕು, ದೀಪ ಹೊತ್ತಬೇಕು, ಕೆಲವು ನಿಮಿಷಗಳಲ್ಲಿ ಮುಳ್ಳು ಇಳಿಯಬೇಕು. ತೆಗೆದಿಟ್ಟ ಫ್ಯೂಜನ್ನು ಆ ಕೂಡಲೇ ಅದರ ಸ್ಥಳದಲ್ಲಿ ಕೂಡಿಸತಕ್ಕದ್ದು.