ಆಮೇಲೆ, ಆಮೇಲೆ, ಆಮೇಲೆ...

ಭಾನುವಾರ ಸಂಜೆ ನಮ್ಮ ಬೀದಿಯ ಮೂರನೇ, ನಾಲ್ಕನೇ ಕ್ಲಾಸಿನ ಮಕ್ಕಳು ನಮ್ಮ ಮನೆ ಜಗಲಿಗೆ ಬರುತ್ತಾರೆ. ‘ತಾತ, ಪ್ರಬಂಧ ನೋಡಿಕೊಡಿ’ ಎಂದು ನೋಟ್‌ಬುಕ್ ಚಾಚುತ್ತಾರೆ. ವಿಷಯ ಜಾತ್ರೆಯಿರಲಿ, ಪ್ರವಾಸವಿರಲಿ, ಬರವಣಿಗೆ ಒಂದೇ ಧಾಟಿ: ‘ಬೆಳಿಗ್ಗೆ ಎದ್ದೆ. ಆಮೇಲೆ ಸ್ನಾನ ಮಾಡಿದೆ. ಆಮೇಲೆ ಬಸ್ ಹತ್ತಿದೆ. ಆಮೇಲೆ ಆನೆ ನೋಡಿದೆ.’ ಒಂದು ಪುಟದಲ್ಲಿ 14 ‘ಆಮೇಲೆ’ ಎಣಿಸಿದ್ದೇನೆ. ಎಣಿಸುವುದು ನನ್ನ ಹಳೆಯ ಕಸುಬು, ಬಿಟ್ಟರೂ ಬಿಡದು.

ಇದಕ್ಕೆ ಸಾಮಾನ್ಯವಾಗಿ ಕೊಡುವ ಮದ್ದು ಒಂದು ಪಟ್ಟಿ: ಮೊದಲು, ಅನಂತರ, ತರುವಾಯ, ಕೊನೆಗೆ. ಮಗು ‘ಆಮೇಲೆ’ ಇದ್ದ ಕಡೆಯಲ್ಲೆಲ್ಲ ‘ಅನಂತರ’ ಬರೆದು ತರುತ್ತದೆ. ಅಂಗಿ ಬದಲಾಯಿತು, ಅಷ್ಟೇ. ಕನ್ನಡದಲ್ಲಿ ಕಾಲ ಹೇಳುವ ಕೊಂಡಿ ಹೆಚ್ಚಾಗಿ ಕ್ರಿಯಾಪದದ ಬಾಲದಲ್ಲೇ ಇರುತ್ತದೆ. ಹೋಗಿ, ಹೋಗುತ್ತ, ಹೋಗುವಾಗ, ಹೋದ ಮೇಲೆ, ಹೋದ ಕೂಡಲೇ, ಹೋಗುವ ಮೊದಲು, ಹೋಗುವಷ್ಟರಲ್ಲಿ, ಹೋಗುವವರೆಗೆ - ಒಂದು ‘ಹೋಗು’ವಿಗೆ ಎಷ್ಟೊಂದು ಗಡಿಯಾರ! ವ್ಯಾಕರಣದ ಹೆಸರುಗಳು ಈ ವಯಸ್ಸಿಗೆ ಬೇಡ. ಮಾತಾಡುವಾಗ ಮಕ್ಕಳು ಇವನ್ನೆಲ್ಲ ಸರಾಗವಾಗಿ ಬಳಸುತ್ತಾರೆ, ಪೆನ್ಸಿಲ್ ಹಿಡಿದಾಗ ಮರೆಯುತ್ತಾರೆ. ಅದಕ್ಕೇ ನಾನು ಮೊದಲು ಬಾಯಲ್ಲಿ ಹೇಳಿಸುತ್ತೇನೆ.

ಕಳೆದ ವರ್ಷ ಒಬ್ಬ ಹುಡುಗಿ ಬರೆದಿದ್ದಳು: ‘ಅಜ್ಜಿ ಬಚ್ಚಲಲ್ಲಿ ಬಿದ್ದರು. ಆಮೇಲೆ ನಾನು ಶಾಲೆಗೆ ಹೋದೆ. ಆಮೇಲೆ ಅಮ್ಮ ಆಸ್ಪತ್ರೆಗೆ ಕರೆದುಕೊಂಡು ಹೋದರು.’ ಪಕ್ಕದಲ್ಲಿ ಕೂತಿದ್ದ ಹುಡುಗ ಓದಿ, ‘ಅಜ್ಜಿ ಬಿದ್ದಿದ್ರೂ ಬಿಟ್ಟು ಹೋದ್ಯಾ?’ ಅಂದುಬಿಟ್ಟ. ಅವಳ ಕಣ್ಣು ತುಂಬಿತು. ‘ಇಲ್ಲ ತಾತ, ನಾನು ಹೋದ್ಮೇಲೆ ಬಿದ್ದಿದ್ದು.’ ‘ಈಗ ಹೇಳಿದೆಯಲ್ಲ, ಹಾಗೇ ಬರಿಯಮ್ಮ’ ಎಂದೆ. ‘ನಾನು ಶಾಲೆಗೆ ಹೋದ ಮೇಲೆ ಅಜ್ಜಿ ಬಚ್ಚಲಲ್ಲಿ ಬಿದ್ದರು. ನಾನು ಮನೆಗೆ ಬರುವಷ್ಟರಲ್ಲಿ ಅಮ್ಮ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು’ ಎಂದು ತಿದ್ದಿದಳು. ಹುಡುಗ ತೆಪ್ಪಗಾದ. ಮಕ್ಕಳಿಗೆ ಮನಸ್ಸಿಗೆ ನಾಟಿದ್ದೇ ಮೊದಲು ಬರವಣಿಗೆಗೆ ಬರುತ್ತದೆ, ನಡೆದ ಕ್ರಮದಲ್ಲಿ ಬರುವುದಿಲ್ಲ. ಅದು ಬರಲಿ, ಕೊಂಡಿ ಸರಿಯಿದ್ದರೆ ಆಯಿತು.

ಬ್ಯಾಂಕಿನ ಗುಮಾಸ್ತನಾಗಿದ್ದ ನನಗೆ ಇದು ಚೆನ್ನಾಗಿ ಗೊತ್ತು. ಚೆಕ್ ಬರುವ ಮೊದಲು ಖಾತೆಗೆ ಹಣ ಕಟ್ಟಿದರೆ ಚೆಕ್ ಪಾಸಾಗುತ್ತದೆ. ವಾಪಸಾದ ಮೇಲೆ ಅಷ್ಟೇ ಹಣ ಕಟ್ಟಿದರೂ ವಾಪಸಾದದ್ದು ವಾಪಸೇ.

ಕಲಿಸಲು ಅಡುಗೆಮನೆಗಿಂತ ಒಳ್ಳೆಯ ಜಾಗವಿಲ್ಲ. ಉಪ್ಪಿಟ್ಟು ಮಾಡುವಾಗ ಮಗುವನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ರವೆ ಯಾವಾಗ ಹುರಿದೆವು? ಒಗ್ಗರಣೆ ಹಾಕುವ ಮೊದಲು. ನೀರು ಯಾವಾಗ ಸುರಿದೆವು? ಈರುಳ್ಳಿ ಬಾಡಿದ ಮೇಲೆ. ರವೆ ಯಾವಾಗ? ನೀರು ಕುದಿಯುವಾಗ. ಹೇಗೆ? ಒಂದು ಕೈಯಲ್ಲಿ ಸುರಿಯುತ್ತ, ಇನ್ನೊಂದು ಕೈಯಲ್ಲಿ ತಿರುವುತ್ತ. ಈ ‘ಉತ್ತ’ ತಪ್ಪಿದರೆ ರವೆ ಗಂಟುಗಂಟು. ತಿಂಡಿ ತಿಂದ ಮೇಲೆ ಐದು ವಾಕ್ಯ ಬರೆಸಿ. ‘ಆಮೇಲೆ’ ಒಂದೇ ಸಲ ಬರಬಹುದು ಎಂಬುದು ನಮ್ಮ ಜಗಲಿಯ ಕಾನೂನು.

ಒಂದು ತೊಡಕು ಬರುತ್ತದೆ. ‘ಎದ್ದು, ಹಲ್ಲುಜ್ಜಿ, ತಿಂಡಿ ತಿಂದು’ ಎಂದು ಪೋಣಿಸುವ ರುಚಿ ಹತ್ತಿದ ಮಗು ‘ಗಂಟೆ ಹೊಡೆದು ನಾವು ಮನೆಗೆ ಓಡಿದೆವು’ ಎಂದು ಬರೆಯುತ್ತದೆ. ಗಂಟೆ ಹೊಡೆದವರು ಯಾರು, ನೀವೇನಾ ಎಂದು ಕೇಳಿ. ನಗುತ್ತಾರೆ, ತಾವೇ ‘ಗಂಟೆ ಹೊಡೆದ ಕೂಡಲೇ’ ಎಂದು ತಿದ್ದುತ್ತಾರೆ. ಎರಡೂ ಕೆಲಸ ಮಾಡುವವರು ಒಬ್ಬರೇ ಆಗಿದ್ದರೆ ‘ಹೊಡೆದು’, ಬೇರೆಯಾದರೆ ‘ಹೊಡೆದಾಗ’, ‘ಹೊಡೆದ ಮೇಲೆ’. ನಗು ಬಂದ ಪಾಠ ನೆನಪಿರುತ್ತದೆ.

ಈಗ ಪುಣ್ಯಕೋಟಿಯ ಕಥೆ ಹಿಡಿದಿದ್ದೇವೆ. ಘಟನೆಗಳನ್ನು ಚೀಟಿಗಳಲ್ಲಿ ಬರೆದು, ಕಲಸಿ, ಜೋಡಿಸಲು ಕೊಡುತ್ತೇನೆ. ಹುಲಿಗೆ ಮಾತು ಕೊಟ್ಟದ್ದು ಕರುವಿಗೆ ಹಾಲೂಡಿಸುವ ಮೊದಲೋ ಆಮೇಲೋ ಎಂದು ಜಗಳವೇ ನಡೆಯುತ್ತದೆ. ಹೋದ ವಾರ ‘ವರೆಗೆ’ ಹೇಳಿಕೊಡುತ್ತಿದ್ದೆ. ‘ಪುಣ್ಯಕೋಟಿ ಬರುವವರೆಗೆ ಹುಲಿ ಏನು ಮಾಡುತ್ತಿತ್ತು?’ ಎಂದು ಕೇಳಿದೆ. ಯಾರೂ ಮಾತಾಡಲಿಲ್ಲ. ಎರಡನೇ ಕ್ಲಾಸಿನ ಒಬ್ಬ ಪೋರ, ಅಕ್ಕನ ಜೊತೆ ಸುಮ್ಮನೆ ಬಂದವನು, ನೋಟ್‌ಬುಕ್ ಕಿತ್ತುಕೊಂಡು ಬರೆದ: ‘ಪುಣ್ಯಕೋಟಿ ಬರುವವರೆಗೆ ಹುಲಿ ಕಲ್ಲಿನ ಮೇಲೆ ಕೂತು ಉಗುರು ಕಚ್ಚುತ್ತಿತ್ತು.’