ಸಿಸಿ ಎಷ್ಟೇ ಇರಲಿ, ಕೊಯ್ಯುವುದು ಚೈನಿನ ಹಲ್ಲು

ಚೈನ್‌ಸಾ ಕೊಳ್ಳುವಾಗ ಎಲ್ಲರೂ ಕೇಳುವುದು 'ಎಷ್ಟು ಸಿಸಿ?' ಅಂತ. ಆದರೆ ಮರ ಕೊಯ್ಯುವುದು ಇಂಜಿನ್ ಅಲ್ಲ, ಚೈನಿನ ಹಲ್ಲು. ಹಲ್ಲು ಮೊಂಡಾದರೆ ದೊಡ್ಡ ಯಂತ್ರವೂ ಬರೇ ಹೊಗೆ ಕಾರ್ತದೆ. ಪೆಟ್ರೋಲ್ ದಂಡ, ರಟ್ಟೆಗೆ ನೋವು. ಒತ್ತಿ ಒತ್ತಿ ಕೊಯ್ಯುವಾಗ ಯಂತ್ರ ಕೈತಪ್ಪಿದರೆ ಜೀವಕ್ಕೇ ಕುತ್ತು.

ಭಟ್ಕಳ, ಹೊನ್ನಾವರ, ಕುಮಟಾದ ಕಡಲ ಬದಿಯಲ್ಲಿ ಈ ಕಷ್ಟ ತುಸು ಹೆಚ್ಚೇ. ಹೊಯ್ಗೆ ನೆಲದ ಗಾಳಿಮರದ ಬುಡದ ತೊಗಟೆಯಲ್ಲಿ ಹೊಯ್ಗೆ ಸೇರಿರ್ತದೆ. ಮುದಿ ತೆಂಗಿನ ಕಾಂಡದ ಒಳಗು ಮೆತ್ತಗೆ, ಹೊರಸುತ್ತು ಮಾತ್ರ ಕಬ್ಬಿಣದ ಹಾಗೆ. ಎರಡೂ ಹಲ್ಲನ್ನು ಬೇಗ ತಿನ್ನುತ್ತವೆ. ಉಪ್ಪುಗಾಳಿಗೆ ತುಕ್ಕು ಬೇರೆ.

ಕೊಳ್ಳುವಾಗ ಮೂರು ಲೆಕ್ಕ

ಅಂಗಡಿಯಲ್ಲಿ '22 ಇಂಚಿನ ಚೈನ್ ಕೊಡಿ' ಅಂದರೆ ಸಾಲದು. ಬೇಕಾದ್ದು ಮೂರು ಲೆಕ್ಕ. ಒಂದು, ಪಿಚ್. ಒಂದರ ಪಕ್ಕ ಒಂದಿರುವ ಮೂರು ರಿವೆಟ್‌ಗಳ ನಡುವಿನ ಅಂತರವನ್ನು ಎರಡರಿಂದ ಭಾಗಿಸಿದರೆ ಪಿಚ್ ಸಿಗ್ತದೆ. ಸಾಮಾನ್ಯವಾಗಿ 0.325 ಅಥವಾ 3/8 ಇಂಚು. ಎರಡು, ಗೇಜ್. ಬಾರಿನ ಜಾಡಿನಲ್ಲಿ ಓಡುವ ಕೊಂಡಿಯ ದಪ್ಪ ಇದು, 1.3, 1.5 ಅಥವಾ 1.6 ಮಿ.ಮೀ. ಮೂರು, ಆ ಕೊಂಡಿಗಳ ಸಂಖ್ಯೆ. ಎಣಿಸಿಯೇ ಹೋಗಿ. ಹೆಚ್ಚಿನ ಬಾರುಗಳ ಬುಡದಲ್ಲಿ ಈ ಅಂಕಿಗಳನ್ನು ಕೊರೆದಿರ್ತಾರೆ. ಮಣ್ಣು ಒರೆಸಿ ನೋಡಿ.

ಹಲ್ಲಿನಲ್ಲೂ ಎರಡು ಬಗೆ. ಚೌಕ ಮೂಲೆಯದು ವೇಗವಾಗಿ ಕೊಯ್ತದೆ, ಆದರೆ ಹೊಯ್ಗೆ ತಾಗಿದರೆ ಬೇಗ ಮೊಂಡು. ಮೂಲೆ ತುಸು ಉರುಟಾದ 'ಸೆಮಿ ಚಿಸೆಲ್' ವೇಗದಲ್ಲಿ ಹಿಂದೆ, ತಾಳಿಕೆಯಲ್ಲಿ ಮುಂದೆ. ನಮ್ಮ ತೆಂಗು, ಗಾಳಿಮರಕ್ಕೆ ಎರಡನೆಯದೇ ಸೈ. ಬಾರಿನ ಉದ್ದಕ್ಕೂ ಆಸೆ ಬೇಡ. ಸಣ್ಣ ಇಂಜಿನ್ನಿಗೆ ಉದ್ದ ಬಾರ್ ಹಾಕಿದರೆ ಅದು ಎಳೆಯಲಾರದು.

ಹುಡಿಯೇ ಹೇಳ್ತದೆ

ಚಕ್ಕೆ ಚಕ್ಕೆಯಾಗಿ ಉದುರಿದರೆ ಚೈನ್ ಹರಿತವಿದೆ ಎಂದರ್ಥ. ನುಣ್ಣನೆ ಹುಡಿ ಬಂದರೆ ನಿಲ್ಲಿಸಿ, ಅರ ಹಿಡಿಯಿರಿ. ಮೊದಲು ಯಂತ್ರ ಬಂದ್ ಮಾಡಿ ಕೈಗವಸು ಹಾಕಿಕೊಳ್ಳಿ. 0.325 ಪಿಚ್ಚಿಗೆ 4.8 ಮಿ.ಮೀ.ನ ಉರುಟು ಅರ ಬೇಕು. ಹೆಚ್ಚಿನ ಚೈನುಗಳಿಗೆ 30 ಡಿಗ್ರಿ ಓರೆ. ಹಲ್ಲಿನ ಮೇಲೆ ಕೊರೆದ ಗೆರೆಯೇ ದಾರಿ ತೋರಿಸ್ತದೆ. ಒಳಗಿನಿಂದ ಹೊರಕ್ಕೆ ಮಾತ್ರ ಉಜ್ಜಬೇಕು, ಹಿಂದಕ್ಕೆ ಎಳೆಯಬಾರದು. ಪ್ರತಿ ಹಲ್ಲಿಗೂ ಲೆಕ್ಕ ಮಾಡಿ ಅಷ್ಟೇ ಸಲ. ಒಂದು ಬದಿಯ ಹಲ್ಲು ಗಿಡ್ಡಾದರೆ ಕೊಯ್ತ ಆ ಕಡೆಗೋ ಈ ಕಡೆಗೋ ವಾಲ್ತದೆ.

ಹಲ್ಲಿನ ಮುಂದಿರುವ ಗಿಡ್ಡ ಗುಬ್ಬಿ ಎಷ್ಟು ಆಳ ಕಚ್ಚಬೇಕೆಂದು ನಿರ್ಧರಿಸುವುದು. ಅದು ಹಲ್ಲಿಗಿಂತ ಸುಮಾರು 0.65 ಮಿ.ಮೀ. ತಗ್ಗಿರಬೇಕು. ನಾಲ್ಕೈದು ಸಲ ಹರಿತ ಮಾಡಿದ ಮೇಲೆ ಗೇಜ್ ಇಟ್ಟು, ಚಪ್ಪಟೆ ಅರದಿಂದ ಸರಿಮಾಡಿ. ಹೆಚ್ಚು ಉಜ್ಜಿದರೆ ಯಂತ್ರ ಜಗ್ಗಿ ಹಿಂದಕ್ಕೆ ಒದೀತದೆ. ಬಾರಿನ ಮೂಗಿನ ಮೇಲರ್ಧ ಮರಕ್ಕೆ ತಾಗಿದರೂ ಇದೇ ಅಪಾಯ.

ಬಾರಿಗೂ ಆರೈಕೆ

ಬಾರಿನ ಕೆಳಬದಿ ಹೆಚ್ಚು ಸವೆಯುತ್ತದೆ. ಆಗಾಗ ತಿರುವಿ ಹಾಕಿದರೆ ಎರಡೂ ಬದಿ ಸಮ ಸವೆದು ಬಾಳಿಕೆ ಹೆಚ್ತದೆ. ಜಾಡಿನಲ್ಲಿ ಕಟ್ಟಿದ ಹುಡಿ ಕೆರೆದು, ಎಣ್ಣೆಯ ತೂತು ಬಿಡಿಸಿ. ಅಂಚಿನಲ್ಲಿ ಎದ್ದ ಮುಳ್ಳನ್ನು ಚಪ್ಪಟೆ ಅರದಿಂದ ತೆಗೆಯಿರಿ. ಜಾಡು ಅಗಲವಾಗಿ ಚೈನ್ ಅತ್ತಿತ್ತ ವಾಲಿದರೆ ಹಲ್ಲು ಎಷ್ಟು ಹರಿತ ಮಾಡಿದರೂ ಕೊಯ್ತ ನೇರ ಬಾರದು.

ಬಿಗಿ ನೋಡುವುದು ಚೈನ್ ತಣ್ಣಗಿರುವಾಗ. ಕೈಯಿಂದ ಸುಲಭವಾಗಿ ಎಳೆಯಲು ಬರಬೇಕು, ಕೆಳಗೆ ಜೋತುಬೀಳಬಾರದು. ಹೊಸ ಚೈನ್ ಜಗ್ಗುತ್ತದೆ, ನಾಲ್ಕು ತುಂಡು ಕೊಯ್ದು ಮತ್ತೆ ನೋಡಿ. ಬಿಸಿಯಲ್ಲಿ ಬಿಗಿ ಮಾಡಿದ್ದರೆ ಕೆಲಸ ಮುಗಿದ ಕೂಡಲೇ ಸಡಿಲಿಸಿ. ಇಲ್ಲದಿದ್ದರೆ ತಣಿದು ಕುಗ್ಗಿದ ಚೈನ್ ಇಂಜಿನ್ನಿನ ದಂಡವನ್ನೇ ಜಗ್ತದೆ.

ಸುಟ್ಟ ಇಂಜಿನ್ ಎಣ್ಣೆ ಪುಕ್ಕಟೆ ಸಿಗ್ತದೆ ಅಂತ ಹಾಕಬೇಡಿ. ಅದರಲ್ಲಿನ ಲೋಹದ ಪುಡಿ ಪಂಪನ್ನೂ ಬಾರನ್ನೂ ತಿನ್ನುತ್ತದೆ, ತೋಟದ ಮಣ್ಣೂ ಹಾಳು. ಎಣ್ಣೆ ಬರ್ತದೋ ಇಲ್ಲವೋ ನೋಡಲು ಬಾರಿನ ತುದಿಯನ್ನು ಬಿಳಿ ಕಾಗದದ ಹತ್ತಿರ ಹಿಡಿದು ಓಡಿಸಿ. ಸಣ್ಣ ಗೆರೆ ಬಿದ್ದರೆ ಸರಿ.

ಮಳೆಗೆ ಮುಂಚೆ

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಗುಂಟ ಹೋಯಿತು. ಅಂಥ ಗಾಳಿಯ ಮರುದಿನ ದಾರಿಗೋ ಮಾಡಿಗೋ ಮರ ಬಿದ್ದಿರುವಾಗ ಚೈನ್ ಹುಡುಕಲು ಪೇಟೆಗೆ ಓಡುವಂತಾಗಬಾರದು. ಹರಿತ ಮಾಡಿದ ಇನ್ನೊಂದು ಚೈನನ್ನು ಎಣ್ಣೆಯಲ್ಲಿ ಅದ್ದಿ, ಮುಚ್ಚಳವಿದ್ದ ಡಬ್ಬದಲ್ಲಿಡಿ. ಎರಡು ಚೈನನ್ನು ಸರದಿಯಲ್ಲಿ ಬಳಸಿದರೆ ಹಲ್ಲುಚಕ್ರವೂ ಸಮವಾಗಿ ಸವೆಯುತ್ತದೆ. ಹಲ್ಲು 4 ಮಿ.ಮೀ.ಗಿಂತ ಗಿಡ್ಡಾಯಿತೋ, ಬಿರುಕು ಕಂಡಿತೋ, ಆ ಚೈನನ್ನು ಗುಜರಿಗೆ ಹಾಕಿ. ಚೈನ್ ಹೊಸತು ಸಿಗ್ತದೆ, ಕೈ ಸಿಗುವುದಿಲ್ಲ.