ಪರದೆಯ ಬೆಳಕು: ಹರ್ಟ್ಸ್ ಸಂಖ್ಯೆ ಹೇಳದ ಗುಣಮಟ್ಟ

ಕಲಬುರಗಿಯ ನೆಹರು ಗಂಜ್‌ನಲ್ಲಿ ತೊಗರಿ ಬೇಳೆಯ ಗುಣಮಟ್ಟವನ್ನು ಸ್ಯಾಂಪಲ್ ನೋಡಿಯೇ ನಿರ್ಧರಿಸುವ ರೂಢಿಯಿದೆ. ದೂರದ ಊರಿನ ಖರೀದಿದಾರನಿಗೆ ಮಾತ್ರ ಇಂದು ಮೊದಲು ತಲುಪುವುದು ಬೇಳೆಯಲ್ಲ, ಮೊಬೈಲಿನಲ್ಲಿ ಬಂದ ಅದರ ಚಿತ್ರ. ಕಮಲಾಪುರದ ಕೆಂಪು ಬಾಳೆಯ ವಿಷಯವೂ ಹೀಗೆಯೇ. ಜಿಐ ಮಾನ್ಯತೆ ಪಡೆದ ಈ ಎರಡೂ ಸರಕುಗಳಲ್ಲಿ ಕಣ್ಣಿಗೆ ಬೀಳುವ ಮೊದಲ ಸಾಕ್ಷಿ ಬಣ್ಣ. ಬಣ್ಣ ತೋರಿಸುವ ಪರದೆಯ ಬೆಳಕೇ ಏರಿಳಿಯುತ್ತಿದ್ದರೆ ಆ ಸಾಕ್ಷಿಗೆ ಬೆಲೆ ಎಷ್ಟು?

ಪರದೆ ಸೆಕೆಂಡಿಗೆ ಎಷ್ಟು ಬಾರಿ ಚಿತ್ರವನ್ನು ಹೊಸದಾಗಿ ಬರೆಯುತ್ತದೆ ಎಂಬುದೇ ರಿಫ್ರೆಶ್ ರೇಟ್. 60 ಹರ್ಟ್ಸ್‌ನಲ್ಲಿ ಒಂದು ಚಿತ್ರ ಸುಮಾರು 16.7 ಮಿಲಿಸೆಕೆಂಡ್ ನಿಲ್ಲುತ್ತದೆ. 144 ಹರ್ಟ್ಸ್‌ನಲ್ಲಿ ಸುಮಾರು 6.9 ಮಾತ್ರ. ಹಿಂದಿನ ಪರದೆಗಳಲ್ಲಿ ಈ ವೇಗ ಸ್ಥಿರವಾಗಿರುತ್ತಿತ್ತು. 2013 ಮತ್ತು 2014ರ ನಂತರ, ಕಂಪ್ಯೂಟರ್ ಚಿತ್ರ ಕಳುಹಿಸಿದ ವೇಗಕ್ಕೆ ತಕ್ಕಂತೆ ತನ್ನ ವೇಗವನ್ನು ತಾನೇ ಬದಲಿಸಿಕೊಳ್ಳುವ ಪರದೆಗಳು ಮಾರುಕಟ್ಟೆಗೆ ಬಂದವು. ಅಂಗಡಿಗಳಲ್ಲಿ ಇಂದು 120, 144, 165 ಎಂಬ ಅಂಕಿಗಳನ್ನು ದೊಡ್ಡದಾಗಿ ಬರೆದು ಮಾರಲಾಗುತ್ತಿದೆ. ವೇಗ ಬದಲಾಗುವಾಗ ಬೆಳಕು ಒಂದೇ ಸಮನಾಗಿ ಉಳಿಯುತ್ತದೆಯೇ ಎಂಬುದನ್ನು ಮಾತ್ರ ಆ ಅಂಕಿಗಳು ತಿಳಿಸುವುದಿಲ್ಲ.

ಬೆಳಕು ಬದಲಾಗುವುದಕ್ಕೆ ಕಾರಣವಿದೆ. ಎಲ್‌ಸಿಡಿ ಪರದೆಯ ಪ್ರತಿಯೊಂದು ಬಿಂದುವೂ ಪುಟ್ಟ ಕೆಪ್ಯಾಸಿಟರ್‌ನಂತೆ ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುತ್ತದೆ. ಮುಂದಿನ ಚಿತ್ರ ಬರುವವರೆಗೆ ಅದು ಅಲ್ಪ ಪ್ರಮಾಣದಲ್ಲಿ ಸೋರುತ್ತಿರುತ್ತದೆ. ತಳದಲ್ಲಿ ಸಣ್ಣ ತೂತಿರುವ ಕೊಡವನ್ನು ಬೇಗ ಬೇಗ ತುಂಬಿದರೆ ನೀರಿನ ಮಟ್ಟ ಇಳಿದದ್ದು ತಿಳಿಯದು; ತಡವಾಗಿ ತುಂಬಿದರೆ ತಿಳಿಯುತ್ತದೆ. ಓಎಲ್‌ಇಡಿ ಪರದೆಯಲ್ಲಿ ತೊಂದರೆ ಬೇರೆ ಬಗೆಯದು. ಯಾವ ಬಣ್ಣಕ್ಕೆ ಎಷ್ಟು ಬೆಳಕು ಎಂಬ ಹೊಂದಾಣಿಕೆಯನ್ನು ಕಾರ್ಖಾನೆಯಲ್ಲಿ ನಿರ್ದಿಷ್ಟ ವೇಗಗಳಿಗೆ ಮಾಡಿರುತ್ತಾರೆ. ಆ ವೇಗದಿಂದ ದೂರ ಸರಿದಷ್ಟೂ ಕಪ್ಪುಮಿಶ್ರಿತ ಬೂದು ಛಾಯೆಗಳು ಏರಿಳಿದು ಕಣ್ಣಿಗೆ ಮಿನುಗಿದಂತೆ ತೋರುತ್ತವೆ.

ತಯಾರಕರು ಇದಕ್ಕೆ ಹಲವು ಪರಿಹಾರಗಳನ್ನು ಕಂಡುಕೊಂಡಿದ್ದಾರೆ. ಬೇರೆ ಬೇರೆ ವೇಗಗಳಿಗೆ ಬೇರೆ ಬೇರೆ ಬೆಳಕಿನ ಪಟ್ಟಿಗಳನ್ನು ಇಡುವುದು ಒಂದು. ವೇಗ ತೀರ ಇಳಿದಾಗ ಅದೇ ಚಿತ್ರವನ್ನು ಎರಡು ಬಾರಿ ತೋರಿಸುವುದು ಇನ್ನೊಂದು. ಆಗ 30 ಚಿತ್ರಗಳು 60 ಹರ್ಟ್ಸ್‌ನಲ್ಲಿ ಕಾಣುತ್ತವೆ. ಸೋರಿಕೆ ಕಡಿಮೆಯಿರುವ ಆಕ್ಸೈಡ್ ಟ್ರಾನ್ಸಿಸ್ಟರ್‌ಗಳಿಂದಾಗಿ ದುಬಾರಿ ಮೊಬೈಲುಗಳ ಪರದೆ 1 ಹರ್ಟ್ಸ್‌ವರೆಗೂ ಇಳಿದು ಬ್ಯಾಟರಿಯನ್ನು ಉಳಿಸುತ್ತದೆ. ಮಂದ ಬೆಳಕಿನಲ್ಲಿ ವೇಗವನ್ನು ಬದಲಿಸದೆ ಒಂದೆಡೆ ನಿಲ್ಲಿಸುವ ಏರ್ಪಾಡು ಆಂಡ್ರಾಯ್ಡ್‌ನಲ್ಲಿಯೇ ಇದೆ. ಪರದೆಗಳ ಮಾನದಂಡ ರೂಪಿಸುವ ವಿಇಎಸ್‌ಎ ಸಂಸ್ಥೆಯು 2022ರಲ್ಲಿ ಆರಂಭಿಸಿದ ಪ್ರಮಾಣೀಕರಣದಲ್ಲಿ ಮಿನುಗಾಟದ ಪರೀಕ್ಷೆಯೂ ಸೇರಿದೆ. ಬೃಹತ್ ಅಂಕಿಗಳಿಗಿಂತ ಡಬ್ಬಿಯ ಮೂಲೆಯಲ್ಲಿರುವ ಈ ಸಣ್ಣ ಗುರುತು ಹೆಚ್ಚು ನಂಬಲರ್ಹ.

ಇಲ್ಲಿ ವರ್ತಕರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಷೋರೂಮಿನಲ್ಲಿ ಪರದೆಯನ್ನು ಸಾಮಾನ್ಯವಾಗಿ ಪೂರ್ಣ ಬೆಳಕಿನಲ್ಲಿ, ಕಣ್ಣು ಕೋರೈಸುವ ವಿಡಿಯೋ ಹಾಕಿ ತೋರಿಸುತ್ತಾರೆ. ದೋಷ ಅಡಗಿ ಕುಳಿತುಕೊಳ್ಳುವುದು ಸರಿಯಾಗಿ ಅಲ್ಲಿಯೇ. ಮೂಟೆಯ ಮೇಲ್ಭಾಗದ ಬೇಳೆಯನ್ನಷ್ಟೇ ನೋಡಿ ಲಾಟು ಖರೀದಿಸುವ ವ್ಯಾಪಾರಿ ಗಂಜ್‌ನಲ್ಲಿ ಸಿಗಲಾರ. ಅದೇ ವ್ಯಾಪಾರಿ ಪರದೆಯ ವಿಷಯದಲ್ಲಿ ಹಾಗೆ ಮಾಡುತ್ತಾನೆ. ಬೂದು ಬಣ್ಣದ ಒಂದು ಚಿತ್ರವನ್ನು ತೆರೆದು, ಬ್ರೈಟ್‌ನೆಸ್ ತಗ್ಗಿಸಿ, ಸುತ್ತಲಿನ ದೀಪ ಆರಿಸಿ, ಅದನ್ನು ಸರಿಸುತ್ತಲೂ ನಿಲ್ಲಿಸುತ್ತಲೂ ಐದು ನಿಮಿಷ ನೋಡಿದರೆ ಸಾಕು. ಅಲುಗಾಟವಿದ್ದರೆ ಸೆಟ್ಟಿಂಗ್‌ನಲ್ಲಿ ವೇಗವನ್ನು 60ಕ್ಕೆ ಸ್ಥಿರಗೊಳಿಸಿ ಮತ್ತೆ ನೋಡಬೇಕು. ಆಗ ನಿಂತರೆ ಕಾರಣ ಬದಲಾಗುವ ವೇಗವೇ. ನಿಲ್ಲದಿದ್ದರೆ ದೋಷ ಬೇರೆಡೆ ಇದೆ. ಬಿಲ್ಲಿಂಗ್ ಕೌಂಟರಿಗೆ, ಲೆಕ್ಕಪತ್ರದ ಕೆಲಸಕ್ಕೆ ಸ್ಥಿರವಾದ 60 ಹರ್ಟ್ಸ್ ಧಾರಾಳವಾಯಿತು. ಹೆಚ್ಚಿನ ಅಂಕಿಗೆ ಹಣ ತೆರುವುದು ಇಲ್ಲಿ ಶುದ್ಧ ದುಂದು.

ಮಾರುವವರ ಹೊಣೆಯೂ ಹಗುರವಲ್ಲ. ಸರಕು ಮಾರಾಟ ಅಧಿನಿಯಮ 1930ರ 17ನೆಯ ಕಲಮಿನ ಪ್ರಕಾರ, ಮಾದರಿ ತೋರಿಸಿ ಮಾರಿದಲ್ಲಿ ಕೊಡುವ ಸರಕು ಆ ಮಾದರಿಗೆ ಹೊಂದಲೇಬೇಕು. ಗ್ರಾಹಕ ಸಂರಕ್ಷಣಾ ಅಧಿನಿಯಮ 2019 ಇನ್ನೂ ಮುಂದೆ ಹೋಗಿ, ವರ್ತಕನು ಯಾವುದೇ ರೀತಿಯಲ್ಲಿ ಹೇಳಿಕೊಂಡ ಗುಣಮಟ್ಟಕ್ಕೆ ಕೊರತೆಯಾದರೆ ಅದನ್ನೂ ದೋಷವೆಂದೇ ಪರಿಗಣಿಸುತ್ತದೆ. "ಒಂದಿಷ್ಟೂ ಮಿನುಗುವುದಿಲ್ಲ" ಎಂದು ಬಾಯಿಮಾತಿನಲ್ಲಿ ಹೇಳುವ ಮುನ್ನ ಅಂಗಡಿಯವರು ಯೋಚಿಸುವುದು ಒಳಿತು. ಸ್ವಯಂ ಉದ್ಯೋಗದಿಂದ ಜೀವನೋಪಾಯ ನಡೆಸಲೆಂದೇ ಪರದೆ ಕೊಂಡ ಚಿಕ್ಕ ಸ್ಟುಡಿಯೋದವನೂ ಈ ಕಾನೂನಿನಡಿ ಗ್ರಾಹಕನೇ. ಇತರ ವಾಣಿಜ್ಯ ಖರೀದಿದಾರರು 1930ರ ಅಧಿನಿಯಮವನ್ನೂ ಬಿಲ್ಲಿನ ಮೇಲಿನ ಬರಹವನ್ನೂ ಆಧರಿಸಬೇಕಾಗುತ್ತದೆ. ಆದ್ದರಿಂದ ಮಾಡೆಲ್ ಸಂಖ್ಯೆ, ವೇಗದ ವ್ಯಾಪ್ತಿ, ಬದಲಿಸಿ ಕೊಡುವ ಅವಧಿ ಇವು ಬಿಲ್ಲಿನಲ್ಲಿಯೇ ಬರಲಿ.

ತೆರಿಗೆಯ ಮಾತು ಚಿಕ್ಕದು. 32 ಇಂಚಿಗಿಂತ ದೊಡ್ಡ ಮಾನಿಟರುಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಂದು ಶೇ. 28ರಿಂದ 18ಕ್ಕೆ ಇಳಿಯಿತು. ದೋಷಕ್ಕಾಗಿ ಪರದೆ ಹಿಂತಿರುಗಿದಾಗ ಮಾರಿದವರು 34ನೆಯ ಕಲಮಿನಂತೆ ಕ್ರೆಡಿಟ್ ನೋಟ್ ನೀಡಿ, ಮಾರಾಟ ನಡೆದ ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ಸಲ್ಲಿಕೆ, ಇವೆರಡರಲ್ಲಿ ಮೊದಲು ಬರುವುದರೊಳಗೆ ಘೋಷಿಸಬೇಕು. ಕೊಂಡವರು ತಾವು ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಅಷ್ಟರಮಟ್ಟಿಗೆ ಹಿಂತಿರುಗಿಸದಿದ್ದರೆ ಮಾರಿದವರ ತೆರಿಗೆ ಹೊಣೆ ಇಳಿಯುವುದಿಲ್ಲ.